ಮೇನ್ ಆರಿಸಿದರೂ ಆರದ ಕರೆಂಟು

ಠಾಣೆ ಶಹರದ ಕಾರ್ಖಾನೆ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ಗಂಡ ಉಡುಪಿ ಕಡೆಯವರು, ನಾನು ಮೈಸೂರಿನವಳು. ಫ್ರಿಜ್ಜು, ಗ್ರೈಂಡರು ಹಗಲೆಲ್ಲ ಓಡುತ್ತವೆಂದು ಟೆರೇಸಿನ ಮೇಲೆ ಸೋಲಾರ್ ಹಾಕಿಸಿದ್ದೆವು. ಹಾಕಿಕೊಟ್ಟವರು ವಿಜಯಪುರದವರು, ಹತ್ತಿರದ ಮಹಾಪೆಯಲ್ಲಿ ಅಂಗಡಿ ಇಟ್ಟವರು.

ಮೇ ತಿಂಗಳ ಒಂದು ಮಧ್ಯಾಹ್ನ. ಊಟದ ಗದ್ದಲ ಮುಗಿದಿತ್ತು. ಗಲ್ಲಾದಲ್ಲಿ ಕುಳಿತಿದ್ದ ನನಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಅಷ್ಟರಲ್ಲಿ ಟೆರೇಸಿನ ಮೇಲೆ ಹೊಗೆ ಕಂಡ ವೇಟರ್ ಹಿಂದಿನ ಬಾಗಿಲಿಂದ ಕೂಗಿದ: "ಸೇಠ್, ಛತ್ ಪೆ ಧುವಾಂ!"

ಗಂಡ ಮೇನ್ ಸ್ವಿಚ್ ಆರಿಸಿದರು. ಫ್ಯಾನುಗಳು ನಿಂತವು. ಗಿರಾಕಿಗಳನ್ನು ಹೊರಗೆ ಕಳಿಸಿ, ಅಡುಗೆಯವರು ಗ್ಯಾಸ್ ಸಿಲಿಂಡರುಗಳನ್ನು ರಸ್ತೆಗೆ ಉರುಳಿಸತೊಡಗಿದರು.

"ಮೇನ್ ತೆಗ್ದಿದ್ದೇನೆ ಮಾರಾಯ್ತಿ, ಇನ್ನು ಎಂತ ಹೆದರಿಕೆ?" ಎಂದು ಗಂಡ ನೀರಿನ ಬಕೆಟ್ ಹಿಡಿದು ಮೇಲಕ್ಕೆ ಓಡಿದರು.

ನಾನು ಸೋಲಾರಿನವರಿಗೆ ಫೋನ್ ಮಾಡಿದೆ. ಗಂಡ ನೀರು ಒಯ್ದರೆಂಬ ಮಾತು ಮುಗಿಯುವ ಮೊದಲೇ ಅವರು ಚೀರಿದರು: "ಅಕ್ಕಾರ, ನೀರ್ ಹಾಕಬ್ಯಾಡ್ರಿ! ಮೇನ್ ಬಂದ್ ಮಾಡಿದ್ರೂ ಬಿಸಲು ಇರೋತನಕ ಪ್ಯಾನೆಲ್ ವಾಯರ್‌ನಾಗ ಕರೆಂಟ್ ಇರ್ತದ. ದೂರ ನಿಲ್ರಿ, ಫೈರ್ ಬ್ರಿಗೇಡ್ ಕರೀರಿ!"

ಕಬ್ಬಿಣದ ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಮೇಲೆ ಕಣ್ಣು ಕೋರೈಸುವ ಬಿಸಿಲು. ಎರಡು ಪ್ಯಾನೆಲ್‌ಗಳ ನಡುವೆ ನೀಲಿ ಕಿಡಿ ಚಟಚಟ ಸಿಡಿಯುತ್ತಿತ್ತು. ಗಂಡ ಬಕೆಟ್ ಎತ್ತಿ ನಿಂತಿದ್ದರು. ಮೆಟ್ಟಿಲ ತುದಿಯಿಂದಲೇ ಅರಚಿದೆ:

"ರೀ, ಬೇಡ! ನೀರು ಹಾಕ್ಬೇಡಿ!"

ಅವರು ತಿರುಗಿದರು. ನೀರು ತುಳುಕಿ ಪಾದದ ಮೇಲೆ ಚೆಲ್ಲಿತು.

"ಎಂತಕ್ಕೆ?"

"ಅದ್ರಲ್ಲಿ ಇನ್ನೂ ಕರೆಂಟ್ ಇದೆಯಂತೆ. ಬಿಸಿಲಿದೆಯಲ್ಲ!"

ಅವರು ತಮ್ಮ ಒದ್ದೆ ಕಾಲನ್ನು ನೋಡಿದರು, ಮುಂದಿದ್ದ ಕಿಡಿಯನ್ನು ನೋಡಿದರು. ಬಕೆಟ್ ಮೆಲ್ಲಗೆ ಕೆಳಗಿಟ್ಟು, ಹಿಂದೆ ಹಿಂದೆ ಸರಿಯುತ್ತ ನನ್ನ ಬಳಿ ಬಂದು ಕೈ ಹಿಡಿದರು.

ಫೈರ್ ಬ್ರಿಗೇಡಿಗೆ ಫೋನ್ ಮಾಡಿ ರಸ್ತೆಯಲ್ಲಿ ಕಾದೆವು. ಒಂದು ಮೋಡವಾದರೂ ಬರಬಾರದೇ ಎಂದು ಆಕಾಶ ನೋಡಿದೆ. ಮೋಡದ ಸುಳಿವಿರಲಿಲ್ಲ. ವಾಹನ ಬಂದೊಡನೆ ಸೋಲಾರ್ ಬೆಂಕಿ ಎಂದು ಹೇಳಿದೆ. ಅವರು ದೂರ ನಿಂತು ಬೆಂಕಿ ಆರಿಸುವ ಪುಡಿ ಸಿಂಪಡಿಸಿದರು. ಎರಡು ಪ್ಯಾನೆಲ್ ಸುಟ್ಟವು, ಯಾರಿಗೂ ಏನೂ ಆಗಲಿಲ್ಲ.

ಸಂಜೆ ಸೋಲಾರಿನವರು ಬಂದು ಸುಟ್ಟ ತಂತಿಯ ಜೋಡಣೆ ತೋರಿಸಿದರು. "ಸಡಿಲಿತ್ರಿ, ಅಲ್ಲೇ ಕಿಡಿ ಹತ್ತೇದ. ತಪ್ಪು ನಮ್ದ" ಎಂದರು. ಗಂಡ ಅವರನ್ನು ಬೈಯಲಿಲ್ಲ. ಚಹಾದ ಗ್ಲಾಸು ಅವರ ಮುಂದಿಟ್ಟು, ಉಳಿದ ಜೋಡಣೆಗಳನ್ನೂ ನೋಡಲು ಹೇಳಿದರು.

ಸೋಲಾರ್ ತೆಗೆಸಲಿಲ್ಲ. ಜೋಡಣೆಗಳನ್ನೆಲ್ಲ ಹೊಸದಾಗಿ ಮಾಡಿಸಿದೆವು, ವರ್ಷವರ್ಷ ಪರೀಕ್ಷೆ ಮಾಡಿಸುತ್ತೇವೆ. ಆದರೂ ಮಧ್ಯಾಹ್ನ ಆ ಟೆರೇಸಿಗೆ ಹೋಗಬೇಕೆಂದರೆ ಮೋಡವಿದೆಯೇ ಎಂದು ಈಗಲೂ ಮೊದಲು ಆಕಾಶ ನೋಡುತ್ತೇನೆ.