ಹರಾಜಿನ ಯಜಮಾನರ ಗಂಟಲು

ಬೆನ್ನಿನ ಮೇಲಿದ್ದ ಕೊಬ್ಬಿನ ಗಂಟು ತೆಗೆಸಲು ಹೋದ ತಿಂಗಳು ಒಂಬತ್ತೂವರೆ ಸಾವಿರ ಕೊಟ್ಟೆ. ಕೇಳಿದ್ದು ಹದಿನಾರು. ಪೂರ್ತಿ ಪ್ರಜ್ಞೆ ತಪ್ಪಿಸುವ ಮತ್ತು ಕೊಡುವುದಾದರೆ ಅದಕ್ಕೊಬ್ಬ ಡಾಕ್ಟರು ಹೊರಗಿನಿಂದ ಬರಬೇಕು, ಅವರ ಫೀಸು ಬೇರೆ, ರಾತ್ರಿ ಉಳಿದುಕೊಳ್ಳುವ ರೂಮಿನ ಬಾಡಿಗೆ ಬೇರೆ. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು ಎಂದು ಡಾಕ್ಟರೇ ಒಪ್ಪಿದ್ದರಿಂದ ಇವೆರಡೂ ತಪ್ಪಿದವು. ಉಳಿದದ್ದನ್ನು ನಾನು ಮಾತಾಡಿ ಇಳಿಸಿದೆ. ಆದರೆ ಬೋರಲು ಮಲಗಿಸಿ ನರ್ಸು ಬೆನ್ನಿಗೆ ಸ್ಪಿರಿಟ್ ಒರೆಸಿದಾಗ, ಆ ತಣ್ಣನೆಯ ವಾಸನೆಗೆ ವ್ಯಾಪಾರದ ಯೋಚನೆಯೆಲ್ಲ ಹಿಂದಕ್ಕೆ ಸರಿದು ಹರಾಜಿನ ಯಜಮಾನರು ನೆನಪಾದರು...

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಕಡೆ ಯಾವುದಾದರೂ ಕಾರ್ಖಾನೆಯ ಶೆಡ್ಡು ಬಾಗಿಲು ಹಾಕಿತೆಂದರೆ ಅಲ್ಲಿನ ಲೇಥು, ಮೋಟಾರು, ಗುಜರಿ ಕಬ್ಬಿಣವನ್ನು ಹರಾಜು ಕೂಗಲು ಅವರನ್ನೇ ಕರೆಸುತ್ತಿದ್ದರು. ಮೈಕು ಇರಲಿಲ್ಲ. ಖಾಲಿ ಡ್ರಮ್ಮಿನ ಮೇಲೆ ನಿಂತು ಅವರು ಒಮ್ಮೆ ಕೂಗಿದರೆ, ರಸ್ತೆಯಾಚೆ ಹೋಟೆಲಿನಲ್ಲಿದ್ದವರು ಅರ್ಧ ಕಾಫಿ ಬಿಟ್ಟು ಎದ್ದು ಬರುತ್ತಿದ್ದರು. ಕಾಮಾಕ್ಷಿಪಾಳ್ಯದಲ್ಲಿ ನಾನು ವರ್ಕ್‌ಶಾಪು ಶುರು ಮಾಡಿದಾಗಿನ ಡ್ರಿಲ್ಲಿಂಗ್ ಮೆಷಿನ್ನು ಅವರ ಹರಾಜಿನಲ್ಲಿ ಹಿಡಿದದ್ದು. ಬೇಕಾದ ಸರಕಿನ ಹತ್ತಿರ ನಿಲ್ಲಬಾರದು, ಬೇಡದ್ದನ್ನು ಮುಟ್ಟಿ ಮುಟ್ಟಿ ನೋಡಬೇಕು ಎಂಬುದನ್ನು ಕಲಿತದ್ದೂ ಅಲ್ಲೇ. ಅವರು ಹೇಳಿಕೊಡಲಿಲ್ಲ. ನಾನು ನೋಡಿ ಕಲಿತೆ.

ಅವರದೊಂದು ಪದ್ಧತಿಯಿತ್ತು. ‘ಒಂದ್ ಸಾರಿ, ಎರಡ್ ಸಾರಿ’ ಎಂದು ಕೂಗಿ, ಬಾಯಿ ಮುಚ್ಚಿ, ನಿಂತವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದರು. ಇನ್ನೊಂದು ಸವಾಲು ಬರಬಹುದೆಂಬ ಆಸೆ ಪೂರ್ತಿ ಸತ್ತ ಮೇಲೆಯೇ ‘ಮೂರ್ ಸಾರಿ’. ಅದು ಬಾಯಿಂದ ಬಿತ್ತೆಂದರೆ ಸರಕು ಕೈಬಿಟ್ಟಿತು, ಅಪ್ಪನೇ ಬಂದು ಕೇಳಿದರೂ ವಾಪಸಿಲ್ಲ. ಆ ಮಾತನ್ನು ಹಗುರವಾಗಿ ಆಡುತ್ತಿರಲಿಲ್ಲ.

ಅಂಥವರ ಗಂಟಲ ಮುಂಭಾಗದಲ್ಲಿ ಅಡಿಕೆಯಷ್ಟು ದಪ್ಪ ಗಂಟೊಂದು ಎದ್ದಿತು. ನುಂಗುವಾಗ ಮೇಲೆ ಕೆಳಗೆ ಓಡಾಡುತ್ತಿತ್ತು. ವಿಜಯನಗರದ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಅವರನ್ನೂ ಅವರ ಹೆಂಡತಿಯನ್ನೂ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಒತ್ತಿ ನೋಡಿ, ಆಪರೇಷನ್ ಸಣ್ಣದೇ, ಆದರೆ ದನಿಯ ನರ ಈ ಗಂಟಿನ ಪಕ್ಕದಲ್ಲೇ ಹಾದುಹೋಗುತ್ತದೆ ಎಂದರು. ಪೂರ್ತಿ ಮತ್ತು ಕೊಟ್ಟರೆ ನೋವಿಲ್ಲ, ಅಲುಗಾಟವಿಲ್ಲ, ತಮಗೂ ಕೆಲಸ ಸಲೀಸು. ಕುತ್ತಿಗೆಯನ್ನಷ್ಟೇ ಮರಗಟ್ಟಿಸಿದರೆ ಎಳೆದಾಟ ಗೊತ್ತಾಗುತ್ತದೆ, ಆದರೆ ಮಾತಾಡಿಸುತ್ತಾ ಕೆಲಸ ಮಾಡಬಹುದು.

“ಇವ್ರು ಕ್ಷೌರಕ್ಕೆ ಕೂತ್ರೇ ಸುಮ್ನಿರಲ್ಲ ಡಾಕ್ಟ್ರೇ. ಪೂರ್ತಿ ಮಲಗಿಸ್ಬಿಡಿ,” ಎಂದರು ಹೆಂಡತಿ.

ನಾನೂ ಅದನ್ನೇ ಹೇಳಿದೆ. ಯಜಮಾನರು ಡಾಕ್ಟರನ್ನೇ ನೋಡುತ್ತಿದ್ದರು.

“ಮಲಗಿದ್ದಾಗ ನರಕ್ಕೆ ಏಟು ಬಿದ್ರೆ ನಿಮ್ಗೆ ಯಾವಾಗ ಗೊತ್ತಾಗತ್ತೆ?”

“ನೀವು ಎದ್ದು ಮಾತಾಡಿದ ಮೇಲೆ.”

“ಹಂಗಿದ್ರೆ ಎಚ್ಚರವಾಗೇ ಇರ್ತೀನಿ. ವ್ಯಾಪಾರ ಏನಾದ್ರೂ ನನ್ನ ಕಣ್ಣೆದುರಿಗೇ ಆಗ್ಲಿ.”

ಅವರಿಗೆ ಅಂಗಡಿಯಿರಲಿಲ್ಲ, ತಿಂಗಳ ಸಂಬಳವಿರಲಿಲ್ಲ. ಆ ಮನೆಯ ಒಲೆ ಉರಿಯುತ್ತಿದ್ದದ್ದು ಅವರ ದನಿಯಿಂದ. ದನಿ ಹೋದ ಹರಾಜಿನವನನ್ನು ಯಾರು ಕರೆಯುತ್ತಾರೆ?

ಆಪರೇಷನ್ ದಿನ ಡಾಕ್ಟರು ನನಗೂ ಒಗೆದ ಗೌನು ತೊಡಿಸಿ, ಬಾಯಿಗೆ ಬಟ್ಟೆ ಕಟ್ಟಿಸಿ, ತಲೆಯ ಕಡೆ ಸ್ಟೂಲು ಹಾಕಿ ಕೂರಿಸಿದರು. ಮಾತಾಡಿಸುತ್ತಿರುವುದು ನನ್ನ ಕೆಲಸ. ಕುತ್ತಿಗೆಗೂ ಮುಖಕ್ಕೂ ನಡುವೆ ಹಸಿರು ಬಟ್ಟೆ ಎತ್ತಿ ಕಟ್ಟಿದ್ದರು, ನನಗೆ ಕಾಣುತ್ತಿದ್ದದ್ದು ಮುಖ ಮಾತ್ರ. ಸೂಜಿ ಚುಚ್ಚಿದಾಗ ಕಣ್ಣು ಬಿಗಿಯಾಗಿ ಮುಚ್ಚಿದರು, ಅಷ್ಟೇ. ಆಮೇಲೆ ಏನು ಕೇಳಿದರೂ ‘ಹೂಂ’, ‘ಉಹೂಂ’. ಇದು ಸಾಲದು, ಪೂರ್ತಿ ಮಾತು ಬೇಕು ಎಂದರು ಡಾಕ್ಟರು. ನನಗೆ ಬೇರೇನೂ ತೋಚದೆ, “ಯಜಮಾನ್ರೇ, ಆ ಫ್ಯಾನು ಹರಾಜು ಹಾಕಿ,” ಎಂದೆ.

ಶುರುವಾಯಿತು. ಫ್ಯಾನು ಹೋಯಿತು. ತಲೆಯ ಮೇಲಿನ ದೊಡ್ಡ ದೀಪ ಹೋಯಿತು. ಡಾಕ್ಟರ ಕನ್ನಡಕವನ್ನು ಅವರು ಹಾಕಿಕೊಂಡಿರುವಾಗಲೇ ಮಾರಿದರು. ಮೆಲುದನಿಯಲ್ಲೇ ಕೂಗುತ್ತಿದ್ದರೂ ಒಂದೊಂದು ಸರಕಿಗೂ ಪದ್ಧತಿ ಪ್ರಕಾರ ಮೂರು ಸಲ. ನಡುವೆ ಒಮ್ಮೆ ದನಿ ಇದ್ದಕ್ಕಿದ್ದಂತೆ ಸೊರಗಿ, ಒಡೆದ ಪೀಪಿಯಂತೆ ಬಂತು. ಡಾಕ್ಟರು ತಕ್ಷಣ ಕೈ ಸಡಿಲಿಸಿದರು. ದನಿ ಮರಳಿತು. ನರ್ಸು ನನ್ನ ಮುಖ ನೋಡಿದಳು.

ಯಜಮಾನರಿಗೆ ಉತ್ಸಾಹ ಬಂದುಬಿಟ್ಟಿತ್ತು. “ಮುಂದಿನ ಸರಕು, ಒಬ್ಬ ಮುದುಕ. ಹಳೇ ಮಾಲು. ಗಂಟಲು ಹೊಸದಾಗಿ ರಿಪೇರಿಯಾಗಿದೆ. ಸವಾಲು ಶುರು ಐವತ್ತು ರೂಪಾಯಿಂದ. ಐವತ್ತು, ಒಂದ್ ಸಾರಿ... ಐವತ್ತು, ಎರಡ್ ಸಾರಿ...”

ಅಲ್ಲಿಗೆ ನಿಂತಿತು.

“ಮಾತಾಡಿ,” ಎಂದರು ಡಾಕ್ಟರು. “ಯಜಮಾನ್ರೇ, ಮಾತಾಡಿ. ಆ ಅನ್ನಿ, ಸಾಕು.” ಬಟ್ಟೆಯಾಚೆ ಡಾಕ್ಟರ ಕೈಗಳು ನಿಂತುಹೋದದ್ದು ಗೊತ್ತಾಯಿತು. ನರ ಹೋಯಿತೆಂದೇ ನಾನೂ ತಿಳಿದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರ ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತಾ ಬಗ್ಗಿ ಮುಖ ನೋಡಿದೆ. ತುಟಿಗಳು ಬಿಗಿದಿದ್ದವು. ಕಣ್ಣುಗಳು ಮಾತ್ರ ಆ ರೂಮನ್ನೆಲ್ಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹುಡುಕುತ್ತಿದ್ದವು, ಡ್ರಮ್ಮಿನ ಮೇಲೆ ನಿಂತಾಗ ಹುಡುಕುತ್ತಿದ್ದ ಹಾಗೆಯೇ. ಆಗ ತಿಳಿಯಿತು. ಆ ಟೇಬಲ್ಲಿನ ಮೇಲೆ ಮಲಗಿ, ತಮ್ಮ ಮೇಲೆ ತಾವೇ ಮೂರನೇ ಸಲ ಕೂಗಲು ಆ ಮನುಷ್ಯನಿಗೆ ಬಾಯಿ ಬರುತ್ತಿರಲಿಲ್ಲ.

“ನಂದು ಐವತ್ತೊಂದು,” ಎಂದೆ.

ಕಣ್ಣು ನನ್ನ ಮೇಲೆ ಬಂದು ನಿಂತಿತು. “ಒಂದ್ ರೂಪಾಯಾ? ಇಷ್ಟು ವರ್ಷ ನನ್ ಹತ್ರ ಮಾಲು ತಗೊಂಡು, ನನಗೆ ಒಂದ್ ರೂಪಾಯಿ ಏರಿಸ್ತೀಯೇನಯ್ಯಾ? ನಾಚ್ಕೆ ಆಗಲ್ವಾ ನಿಂಗೆ?”

ದನಿ ಸ್ಪಷ್ಟವಾಗಿತ್ತು. ಡಾಕ್ಟರು ದೀರ್ಘವಾಗಿ ಉಸಿರು ಬಿಟ್ಟರು, ಕೆಲಸ ಮುಂದುವರಿಯಿತು. ಹೊಲಿಗೆ ಮುಗಿಯುವವರೆಗೆ ನಾನು ಒಂದೊಂದೇ ರೂಪಾಯಿ ಏರಿಸುತ್ತಾ ಹೋದೆ, ಅವರು ಬೈಯುತ್ತಾ ಹೋದರು. ಗಂಟು ನರಕ್ಕೆ ಅಂಟಿಕೊಂಡಿತ್ತಂತೆ. ಡಾಕ್ಟರು ಆಮೇಲೆ ಹೇಳಿದರು, ದನಿ ಒಡೆದ ಆ ಜಾಗದಲ್ಲಿ ಒಂದು ಚೂರನ್ನು ಹಾಗೇ ಬಿಟ್ಟೆ, ಮಲಗಿಸಿದ್ದರೆ ಎಳೆದುಬಿಡುತ್ತಿದ್ದೆನೋ ಏನೋ ಎಂದು.

ಗಾಯ ಮಾಗಿದ ಮೇಲೆ ಅವರು ಮತ್ತೆ ಡ್ರಮ್ಮು ಹತ್ತಿದರು. ಮೊದಮೊದಲು ಸ್ವಲ್ಪ ಗೊಗ್ಗರು, ಆಮೇಲೆ ಮೊದಲಿನಂತೆಯೇ. ಎಷ್ಟೋ ವರ್ಷ ಕೂಗಿದರು. ನಂತರ ಎಲ್ಲ ಕಡೆ ಮುಚ್ಚಿದ ಲಕೋಟೆಯ ಟೆಂಡರು ಬಂತು. ಬೆಲೆ ಬರೆದು ಡಬ್ಬಿಗೆ ಹಾಕುವುದು, ಯಾರೂ ಬಾಯಿ ಬಿಡುವ ಹಾಗಿಲ್ಲ. ಉಳಿಸಿಕೊಂಡ ದನಿ ಮನೆಯಲ್ಲೇ ಉಳಿಯಿತು... ಅವರು ತೀರಿಕೊಂಡಾಗ ನಾನು ಮೆಷಿನ್ನು ನೋಡಲು ಕೊಯಮತ್ತೂರಿಗೆ ಹೋಗಿದ್ದೆ. ಬಂದ ಮೇಲೆ ತಿಳಿಯಿತು. ಆ ಕೂಗನ್ನು ಯಾರೂ ಟೇಪಿನಲ್ಲಿ ಹಿಡಿದಿಟ್ಟಿಲ್ಲ. ಕೇಳಿದವರೂ ಈಗ ಹೆಚ್ಚು ಜನ ಉಳಿದಿಲ್ಲ.

ನೀವು ಇಂಥ ಸಣ್ಣ ಆಪರೇಷನ್ನಿಗೆ ಹೋಗುವುದಾದರೆ ರೇಟು ಕೇಳುವ ಮೊದಲು ನಿಮ್ಮ ಕಸುಬು ಏನೆಂದು ಡಾಕ್ಟರಿಗೆ ಹೇಳಿ. ಎಚ್ಚರವಿದ್ದರೆ ಏನು ಲಾಭ, ಮಲಗಿದರೆ ಏನು ಲಾಭ, ಯಾವುದರಲ್ಲಿ ಏನು ಹೋಗಬಹುದು ಎಂದು ಬಿಡಿಸಿ ಕೇಳಿ. ಕೆಲವಕ್ಕೆ ಮಲಗಿಸಲೇಬೇಕಾಗುತ್ತದೆ, ಅಲ್ಲಿ ಚೌಕಾಸಿ ಬೇಡ. ಪೂರ್ತಿ ಮತ್ತು ಎಂದಾದರೆ ಅವರು ಹೇಳಿದಷ್ಟು ಹೊತ್ತು ಹೊಟ್ಟೆ ಖಾಲಿಯಿರಲಿ, ದೇವರ ಪ್ರಸಾದವೂ ಬೇಡ. ಇನ್ನೊಂದು ಮಾತು. ನಿಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾನು ಹೋದ ತಿಂಗಳು ಒಬ್ಬನೇ ಹೋಗಿ ಬಂದೆ. ನೀವು ಹಾಗೆ ಹೋಗಬೇಡಿ.