ಚಿಕ್ಕತಾಯಮ್ಮನವರ ಸಿಟ್ಟು

ಇಷ್ಟವಾಗದ ಪುಸ್ತಕವನ್ನು ಚಿಕ್ಕತಾಯಮ್ಮನವರು ಮೇಜಿನ ಮೇಲೆ ಇಡುತ್ತಿರಲಿಲ್ಲ, ಕುಕ್ಕುತ್ತಿದ್ದರು. ಕಂಪಲಾಪುರದ ಹತ್ತಿರದ ನಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಪೇಪರ್ ಓದುತ್ತ ಕೂತ ಗಂಡಸರು ಆ ಸದ್ದಿಗೆ ತಲೆಯೆತ್ತಿ, ಅವರನ್ನು ಕಂಡು, ಮತ್ತೆ ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದರು. ನಾನು ಆ ಗ್ರಂಥಾಲಯದ ಮೇಲ್ವಿಚಾರಕಿ. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು ನನ್ನ ಕೆಲಸ. ಬರೆದವರೆಲ್ಲರ ಪರವಾಗಿ ಬೈಸಿಕೊಳ್ಳುವುದೂ ನನ್ನ ಪಾಲಿಗೇ ಬಂದಿತ್ತು.

“ಇವ್ನಿಗೆ ಯಾರವ್ವ ಬರಿ ಅಂದೋರು?” ಎಂದೇ ಅವರ ಮಾತು ಶುರುವಾಗುತ್ತಿತ್ತು.

ಅರವತ್ತರ ಆಸುಪಾಸಿನ ಎತ್ತರದ ಹೆಂಗಸು. ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಒಲೆಮನೆಯಲ್ಲಿ ಹಗಲುರಾತ್ರಿ ಬೆಂಕಿ ಉರಿಸಿ ಹದ ಮಾಡುವವರು; ಆ ಸೊಪ್ಪಿನ ಅಂಟಿಗೆ ಬೆರಳುಗಳು ಕಪ್ಪಾಗಿದ್ದವು. ಆ ಕಪ್ಪು ಪುಸ್ತಕಕ್ಕೆ ಹತ್ತಬಾರದೆಂದು ಹುಣಸೆಹಣ್ಣು ಹಾಕಿ ಕೈ ತಿಕ್ಕಿ ತೊಳೆದುಕೊಂಡು ಓದಲು ಕೂರುತ್ತಿದ್ದರು. ಪುಸ್ತಕದ ಮೇಲೆ ಅಷ್ಟು ಗೌರವ. ಬರೆದವರ ಮೇಲೆ ಅದರ ಅರ್ಧವೂ ಇರಲಿಲ್ಲ.

ಪತ್ತೇದಾರಿ ಕಾದಂಬರಿಯೆಂದರೆ ಅವರಿಗೆ ಪ್ರಾಣ. ಆದರೂ ಸಿಟ್ಟೇ. “ಒಡವೆ ಕಳುವಾದ್ರೆ ಮೊದ್ಲು ಮನೆಗೆಲಸದೋಳ ಗಂಟು ಬಿಚ್ಚಿಸ್ತಾರೆ. ಕೊನೇಲಿ ನೋಡುದ್ರೆ ಕದ್ದೋನು ಅಳಿಯ. ಸರಿ, ಸಿಕ್ದ. ಆ ಕೆಲಸದೋಳ ತಾವ ತಪ್ಪಾಯ್ತು ಅಂದೋರು ಯಾರು? ಪತ್ತೇದಾರ ಕಾಪಿ ಕುಡ್ದು ಕಾರತ್ತಿ ಒಂಟೋಯ್ತಾನೆ.” ಜೀವನದಲ್ಲಿ ಮುಂದೆ ಬರುವುದು ಹೇಗೆಂದು ಹೇಳುವ ಪುಸ್ತಕವೊಂದನ್ನು ಎರಡೇ ದಿನಕ್ಕೆ ತಂದು ಕುಕ್ಕಿದರು. “ಬೆಳಗಿನ ಜಾವ ನಾಕು ಗಂಟೆಗೆ ಏಳ್ಬೇಕಂತೆ. ಬ್ಯಾರನ್‌ಗೆ ಬೆಂಕಿ ಆಕೋರು ಮಲಗೋದು ಯಾವಾಗ ಅಂತ ಗೊತ್ತಾ ಇವ್ನಿಗೆ?” ಅಡುಗೆ ಪುಸ್ತಕವನ್ನೂ ಬಿಡಲಿಲ್ಲ. ಒಬ್ಬಟ್ಟಿಗೆ ಮೂರು ಪುಟ ಬರೆದವರು ಪಾತ್ರೆ ತೊಳೆಯುವ ಬಗ್ಗೆ ಒಂದು ಸಾಲೂ ಬರೆದಿಲ್ಲವೆಂಬುದು ಅವರ ತಕರಾರು. ಕುಕ್ಕದೆ ಹಿಂದಿರುಗಿಸುತ್ತಿದ್ದುದು ಕವನ ಸಂಕಲನಗಳನ್ನು ಮಾತ್ರ, ಅದೂ ತಡಮಾಡಿ. “ಪೂರ್ತಿ ಅರ್ಥ ಆಗ್ನಿಲ್ಲ ಕಣವ್ವ. ಆದ್ರೆ ಸುಳ್ಳೇಳ್ತಾವ್ನೆ ಅನ್ನಿಸ್ನಿಲ್ಲ.”

ಒಮ್ಮೆ ಎಲ್ಲರೂ ಹೊಗಳುತ್ತಿದ್ದ ಸಾಮಾಜಿಕ ಕಾದಂಬರಿಯೊಂದನ್ನು ನಾನೇ ಆರಿಸಿ ಕೊಟ್ಟೆ. ಅದರ ಕೊನೆಯಲ್ಲಿ ಚಿಕ್ಕ ವಯಸ್ಸಿನ ವಿಧವೆ ಬಾವಿಗೆ ಬೀಳುತ್ತಾಳೆ. ಮರುದಿನವೇ ಬಂದ ಚಿಕ್ಕತಾಯಮ್ಮನವರು ಅವತ್ತು ಕೂರಲೂ ಇಲ್ಲ.

“ಯಾಕ್ ಬೀಳ್ಬೇಕು? ಅವ್ಳಿಗೆ ಎರಡೆಕರೆ ಗದ್ದೆ ಅದೆ ಅಂತ ಇವ್ನೇ ಮೊದ್ಲು ಬರ್ದವ್ನೆ. ಕೈಕಾಲು ಗಟ್ಟಿಯಾಗವೆ. ಬರೆಯೋಕೆ ಮುಂದಕ್ಕೆ ಏನೂ ಒಳೀನಿಲ್ಲ, ಅದ್ಕೆ ತಳ್ದವ್ನೆ. ಅವ್ಳು ಬಿದ್ದಿದ್ದಲ್ಲ ಕಣವ್ವ, ಇವ್ನು ತಳ್ಳಿದ್ದು.”

ಅವರ ಗಂಡ ತೀರಿಕೊಂಡಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಜಮೀನು ತಮಗೆ ಬರೆದುಕೊಟ್ಟು ತವರಿಗೆ ಹೋಗೆಂದು ಮೈದುನರು ಪಂಚಾಯಿತಿ ಸೇರಿಸಿದ್ದರು. ಚಿಕ್ಕತಾಯಮ್ಮನವರು ಎದ್ದು ಹೋಗಿ ನೇಗಿಲು ಹಿಡಿದರು, ಬ್ಯಾರನ್ ಕಾಯುವುದನ್ನೂ ಕಲಿತರು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆ ಕಾದಂಬರಿಯನ್ನು ಮತ್ತೆ ಯಾರಿಗೂ ಆರಿಸಿ ಕೊಡಲು ನನಗೆ ಮನಸ್ಸಾಗಲಿಲ್ಲ.

ಪ್ರತಿ ವರ್ಷ ಹೊಗೆಸೊಪ್ಪಿನ ಕಾಲಕ್ಕೆ ಅವರ ಮನೆಗೆ ಎನ್. ಬೇಗೂರಿನ ಕಡೆಯ ಬುಡಕಟ್ಟು ಜನರ ಹಾಡಿಯಿಂದ ಬೊಮ್ಮಿ ಬರುತ್ತಿದ್ದಳು. ಬ್ಯಾರನ್ನಿಗೆ ಏರಿಸುವ ಮುನ್ನ ಕಡ್ಡಿಗೆ ಸೊಪ್ಪು ಕಟ್ಟುವುದರಲ್ಲಿ ಅವಳ ಕೈ ಚುರುಕು. ಮಧ್ಯಾಹ್ನ ಉಂಡ ಮೇಲೆ ಜಗಲಿಯಲ್ಲಿ ಚಿಕ್ಕತಾಯಮ್ಮನವರು ಗಟ್ಟಿಯಾಗಿ ಓದುವರು, ಬೊಮ್ಮಿ ಕಂಬಕ್ಕೊರಗಿ ಕೇಳುವಳು. ಹಾಗೆ ಓದಿದ್ದರಲ್ಲಿ ಕಾಡಂಚಿನ ಹಾಡಿಯ ಕಥೆಯೆಂದು ಹೆಸರಾದ ಹೊಸ ಕಾದಂಬರಿಯೂ ಒಂದು. ಅದರಲ್ಲಿ ಹಾಡಿಯ ಹುಡುಗಿಯೊಬ್ಬಳು ಜ್ವರದಿಂದ ಸಾಯುತ್ತಾಳೆ. ಅವಳ ತಾಯಿ ಮಾರನೆಯ ದಿನ ನಗುತ್ತ ಜೇನಿಗೆ ಹೊರಡುತ್ತಾಳೆ. ಕಾಡಿನ ಜನ ಸಾವಿಗೆ ಅಳುವುದಿಲ್ಲ ಎಂದು ಲೇಖಕರು ಬೆರಗಿನಿಂದ ಬರೆದಿದ್ದರು.

ಬೊಮ್ಮಿ ಎದ್ದು ಸೊಪ್ಪು ಕಟ್ಟಲು ಹೋದಳಂತೆ. ಹಿಂದಿನ ವರ್ಷವಷ್ಟೇ ಅವಳ ಮಗಳು ತೀರಿಕೊಂಡಿದ್ದಳು.

ಅದೇ ಲೇಖಕರು ಹುಣಸೂರಿನಲ್ಲಿ ಓದುಗರ ಸಂವಾದಕ್ಕೆ ಬರುತ್ತಾರೆಂದು ತಿಳಿದಾಗ ಚಿಕ್ಕತಾಯಮ್ಮನವರು ನನ್ನನ್ನೂ ಬೊಮ್ಮಿಯನ್ನೂ ಬಸ್ಸು ಹತ್ತಿಸಿದರು. ಸಭೆಯಲ್ಲಿ ಹೊಗಳಿಕೆ ಮುಗಿಯುವುದನ್ನೇ ಕಾದು ಎದ್ದು ನಿಂತರು.

“ಅಳಾಕಿಲ್ಲ ಅಂತ ಬರ್ದಿದ್ದೀರಲ್ಲ ಸ್ವಾಮಿ, ಯಾವ ಆಡಿಗೆ ವೋಗಿದ್ರಿ?”

ಲೇಖಕರು ನಸುನಕ್ಕರು. “ಕಾದಂಬರಿ ಅಂದ್ರೆ ಕಲ್ಪನೆ ತಾಯಿ. ಅದು ಅವರ ದೊಡ್ಡತನ ಅಂತಲೇ ಬರೆದಿದ್ದೀನಿ.”

“ದೊಡ್ಡತನಾನ? ಇಕಾ, ಇವಳ್ನ ಕೇಳಿ.” ಚಿಕ್ಕತಾಯಮ್ಮನವರು ಬೊಮ್ಮಿಯ ರಟ್ಟೆ ಹಿಡಿದು ಎಬ್ಬಿಸಿದರು. “ಇವಳ ಮಗಳು ವೋಗಿ ಈಗ ವರ್ಷ ಕಳ್ದದೆ ಅಷ್ಟೆ.”

ಸಭೆಯೆಲ್ಲ ತಿರುಗಿ ನೋಡಿತು. ಯಾರೋ ಮೊಬೈಲ್ ಎತ್ತಿ ಹಿಡಿದರು. ಬೊಮ್ಮಿ ತಲೆ ಬಗ್ಗಿಸಿ, ಸೆರಗಿನ ತುದಿ ಹಿಂಡುತ್ತ, “ನಾ ಅತ್ತಿದ್ದೀನಿ,” ಎಂದಳು. ಅಷ್ಟೇ. ಸಂಚಾಲಕರು ಮೈಕು ತೆಗೆದುಕೊಂಡು, ಇದು ಬಹಳ ಭಾವನಾತ್ಮಕ ಕ್ಷಣವೆಂದು ಹೇಳಿ ವಂದನಾರ್ಪಣೆಗೆ ಕರೆದರು. ಲೇಖಕರು ಹಾರ ಸರಿಪಡಿಸಿಕೊಂಡರು. ನನಗೆ ಮೈ ಉರಿದುಹೋಯಿತು.

ಬಸ್ ಸ್ಟ್ಯಾಂಡಿನವರೆಗೂ ಚಿಕ್ಕತಾಯಮ್ಮನವರು ಬೈಯುತ್ತಲೇ ಬಂದರು. ಬೊಮ್ಮಿ ನಮ್ಮೂರಿನ ಬಸ್ಸಿಗೆ ನಿಲ್ಲದೆ ತನ್ನ ಹಾಡಿಗೆ ಹೋಗುವ ಹ್ಯಾಂಡ್‌ಪೋಸ್ಟ್ ಕಡೆಯ ಬಸ್ಸಿನತ್ತ ನಡೆದಳು. ಸೊಪ್ಪಿನ ಕೆಲಸ ಇನ್ನೂ ಬಾಕಿಯಿತ್ತು. ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಅಕ್ಕ, ಬರೆಯೋವಾಗ ಅವ್ನೂ ನನ್ನ ಕೇಳ್ನಿಲ್ಲ. ಎಬ್ಬಿಸೋವಾಗ ನೀನೂ ಕೇಳ್ನಿಲ್ಲ.”

ಬಸ್ಸು ಹೋಯಿತು. ಯಾವ ಪುಸ್ತಕಕ್ಕೂ ಯಾವ ಮನುಷ್ಯನಿಗೂ ಉತ್ತರ ಬಾಕಿ ಉಳಿಸಿಕೊಳ್ಳದ ಚಿಕ್ಕತಾಯಮ್ಮನವರು ಅಲ್ಲಿನ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತುಬಿಟ್ಟರು. ಆಮೇಲೆ ಬಹಳ ದಿನ ಗ್ರಂಥಾಲಯದ ಕಡೆಗೂ ಸುಳಿಯಲಿಲ್ಲ.

ಸೊಪ್ಪಿನ ಕೆಲಸವೆಲ್ಲ ಮುಗಿದ ಮೇಲೆ ಒಬ್ಬರೇ ಬೊಮ್ಮಿಯ ಹಾಡಿಗೆ ಹೋಗಿ ಎರಡು ದಿನ ಇದ್ದು ಬಂದರೆಂದು ಕೇಳಿದೆ. ಮುಂದಿನ ವಾರ ಬಂದು ಒಂದು ಕವನದ ಪುಸ್ತಕ ಕೇಳಿದರು. ಸೊರಗಿದ್ದರು, ಮೆಟ್ಟಿಲು ಹತ್ತಿ ಬಂದದ್ದಕ್ಕೇ ಉಸಿರು ಕಟ್ಟುತ್ತಿತ್ತು.

“ಬೊಮ್ಮಿ ಮಾತಾಡಿದಳಾ ದೊಡ್ಡಮ್ಮ?” ಎಂದೆ.

“ಆಡುದ್ಲು. ತಪ್ಪಾಯ್ತು ಅಂದೆ. ಮಗಳ ವಿಷ್ಯ ಎಲ್ಲಾನೂವೆ ಏಳುದ್ಲು.”

“ಏನಂದಳು?”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಪುಸ್ತಕ ಕುಕ್ಕುವಾಗಿನ ಅದೇ ನೋಟ. “ಅವಳು ನನ್ಗೇಳಿದ್ದು ಕಣವ್ವ. ನಿನ್ಗಲ್ಲ.”

ಅದೇ ನಾನು ಅವರನ್ನು ಕಡೆಯದಾಗಿ ನೋಡಿದ್ದು. ಸಂಕ್ರಾಂತಿ ಕಳೆದ ವಾರ ಹೊಲದ ಬದುವಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಮೈಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಹಾಡಿಯ ಆ ಕಾದಂಬರಿಗೆ ಈಗ ಎರಡನೆಯ ಮುದ್ರಣವಾಗಿದೆ. ಅಳುವುದಿಲ್ಲವೆಂಬ ಮಾತು ಅಲ್ಲೇ ಇದೆ. ಹೊಸ ಪ್ರತಿ ನಮ್ಮ ಗ್ರಂಥಾಲಯಕ್ಕೂ ಬಂತು. ಬೇಕೆಂದೇ ಸದ್ದಾಗುವಂತೆ ಅದನ್ನು ಬೀರುವಿನೊಳಗೆ ಹಾಕಿದೆ.

ಇದನ್ನು ಬರೆಯುವ ಮುನ್ನ ಬೊಮ್ಮಿಯ ಹಾಡಿಗೆ ಹೋದೆ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಚಿಕ್ಕತಾಯಮ್ಮನವರ ಬಗ್ಗೆ ಬರೆಯುತ್ತೇನೆ, ನಿನ್ನ ಮಾತೂ ಬರುತ್ತದೆ, ಬರೆಯಲೇ ಎಂದು ಕೇಳಿದೆ. ಅವಳು ಮೊರ ಕೆಳಗಿಟ್ಟಳು.

“ಬರ್ಕೊ. ನನ್ ಮಗಳ ಹೆಸ್ರು ಬ್ಯಾಡ,” ಎಂದಳು. “ಅಕ್ಕನ ಹೆಸ್ರು ಆಕು. ದಪ್ಪಕ್ಷರದಲ್ಲಿ ಆಕು.”