ತತ್ತಿ ಮುಟ್ಟಬಾರದ ದಿನ

ನಾನು ಇನ್ನೂ ಲಂಗ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದ ಚಿಕ್ಕವಳಿದ್ದಾಗ, ಹಿರೋಳ್ಳಿಯ ನಮ್ಮ ಮನೆಯಲ್ಲಿ ಕೋಳಿ ಮಾಡುವ ಕೆಲಸವನ್ನು ನಾನೂ ಅಕ್ಕನೂ ಮಾಡಿದ್ದೆವು. ನಗಬೇಡಿ ಮಕ್ಕಳೇ, ನಿಜವಾಗಿಯೂ ಮಾಡಿದ್ದೆವು.

ಅಕ್ಕನ ಹತ್ತಿರ ಕೆಂಚಿ ಎಂಬ ಒಂದು ಕೆಂಚು ಕೋಳಿ ಇತ್ತು. ಅಂಗೈಯಲ್ಲಿ ಹಿಡಿಸುವಷ್ಟು ಮರಿಯಾಗಿದ್ದಾಗ ಸೊನ್ನ ಊರಿನ ಅತ್ತೆಯ ಮನೆಯಿಂದ ತಂದು ಸಾಕಿದ್ದಳು. ಅವಳು ರೊಟ್ಟಿ ಬಡಿಯಲು ಕುಳಿತರೆ ಅದೂ ಬಂದು ಅವಳ ಮಗ್ಗುಲಿಗೆ ಒರಗಿ ಕೂರುತ್ತಿತ್ತು. ಆ ಮಳೆಗಾಲದಲ್ಲಿ ಅದು ಕಾವಿಗೆ ಕೂತಿತ್ತು. ಒಂದು ಬೆಳಿಗ್ಗೆ ನೋಡಿದರೆ ಬುಟ್ಟಿಯ ಸುತ್ತ ಬರೀ ಪುಕ್ಕ. ಕಾಡುಬೆಕ್ಕು ಹೊತ್ತುಕೊಂಡು ಹೋಗಿತ್ತು. ಒಳಗಿದ್ದ ತತ್ತಿಗಳು ಮಾತ್ರ ಇನ್ನೂ ಬೆಚ್ಚಗಿದ್ದವು.

"ಬಿಸಾಕಿ ಬಾ, ಇನ್ನ ಅವು ಆಗಂಗಿಲ್ಲ" ಎಂದಳು ಅವ್ವ.

ಅಕ್ಕ ಬಿಸಾಕಲಿಲ್ಲ. ಅಳುತ್ತಲೇ ಬುಟ್ಟಿಯನ್ನು ಒಲೆಯ ಹಿಂದಿನ ಗೋಡೆಗೆ ಒರಗಿಸಿದಳು. ತಳಕ್ಕೆ ಜೋಳದ ಹೊಟ್ಟು, ನಡುವೆ ಬಟ್ಟೆ ಸುತ್ತಿದ ಬಿಸಿನೀರಿನ ತಂಬಿಗೆ, ಅದರ ಸುತ್ತ ತತ್ತಿ, ಮೇಲೆ ಹಳೆಯ ಕೌದಿ. ಊರಲ್ಲಿ ಕಾವಿಗೆ ಕೂತ ಬೇರೆ ಕೋಳಿ ಸಿಕ್ಕಿದ್ದರೆ ಇಷ್ಟು ಪಾಡು ಬೇಕಿರಲಿಲ್ಲ. ಎಷ್ಟು ಮನೆ ತಿರುಗಿದರೂ ಸಿಗಲಿಲ್ಲ. ನೀರು ಆರದಂತೆ ನೋಡಿಕೊಳ್ಳುವುದು ಅಕ್ಕನ ಪಾಲಿಗೆ, ತತ್ತಿ ಹೊರಳಿಸುವುದು ನನ್ನ ಪಾಲಿಗೆ ಬಂತು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಒಳಗಿನ ಮರಿ ಸಿಪ್ಪೆಗೆ ಅಂಟಿಕೊಳ್ಳುತ್ತದೆ ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೇಳಿಕೊಟ್ಟಿದ್ದಳು. ಒಂದು ಮಗ್ಗುಲಿಗೆ ಇದ್ದಿಲಿನ ಗೆರೆ ಎಳೆದು, ಗೆರೆ ಮೇಲೆ ಬಂದರೆ ಕೆಳಗೆ, ಕೆಳಗಿದ್ದರೆ ಮೇಲೆ ಮಾಡುತ್ತಿದ್ದೆ. ಆಮೇಲೆ ಒಂದನ್ನು ಎತ್ತಿ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದೆ. ಕಾವು ಹೆಚ್ಚೋ ಕಡಿಮೆಯೋ ರೆಪ್ಪೆಗೆ ತಿಳಿಯುತ್ತಿತ್ತು. ಆಟಕ್ಕೆ ಹೋದರೂ ಅರ್ಧಕ್ಕೇ ಓಡಿ ಬರಬೇಕು. ಗೆಳತಿಯರು ನನ್ನನ್ನು ಆಟಕ್ಕೆ ಕರೆಯುವುದನ್ನೇ ಬಿಟ್ಟಿದ್ದರು.

ಹೀಗೆ ನಡೆದಿರುವಾಗ ಒಂದು ಬೆಳಿಗ್ಗೆ ಕೈ ತೊಳೆದು, ಒರೆಸಿಕೊಂಡು ಬಂದರೆ, ಆಯಿ ಬುಟ್ಟಿಗೆ ಅಡ್ಡ ಕೂತಿದ್ದಳು.

"ಇವತ್ತಿಂದ ಮುಟ್ಟಬ್ಯಾಡ ಬೇ. ಮರಿ ಹೊರಗ ಬರ್ಲಾಕ ಮಾರಿ ತಿರುಗಿಸಿ ಕುಂತಾವ. ಈಗ ಹೊಳ್ಳಿಸಿದ್ರ ಅವಕ್ಕ ದಿಕ್ಕು ತಪ್ತದ."

"ಮತ್ತ ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಸುಮ್ ಕುಂದ್ರು."

ನನಗೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಡಿದೆ. ಇಷ್ಟು ದಿನ ಮಾಡಲೇಬೇಕಿದ್ದ ಕೆಲಸ ಒಮ್ಮೆಲೇ ಮಾಡಬಾರದ ಕೆಲಸವಾಗಿತ್ತು. ಸಿಪ್ಪೆ ಒಣಗದಿರಲೆಂದು ಆಯಿ ಕೌದಿಯ ಕೆಳಗೆ ಒದ್ದೆ ಬಟ್ಟೆಯೊಂದನ್ನು ಹಾಸಿ ಎದ್ದು ಹೋದಳು. ನಾನು ಬುಟ್ಟಿಯ ಮುಂದೆ ಕೂತೆ. ಅಂಗೈ ತುರಿಸುತ್ತಿತ್ತು.

ಆ ದಿನವೇ ಎಲ್ಲವೂ ಅಡ್ಡಿಯಾಗಬೇಕೇ? ಸುರಿವ ಮಳೆಗೆ ಕಟ್ಟಿಗೆ ಒದ್ದೆಯಾಗಿ ಒಲೆ ಹೊಗೆ ಬಿಟ್ಟಿತೇ ಹೊರತು ಉರಿಯಲಿಲ್ಲ. ಅಕ್ಕ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಳು. ಅಪ್ಪ ಒಳಗೆ ಬಂದಾಗೊಮ್ಮೆ "ಬಂದವೇನು?" ಎಂದು ಕೌದಿ ಎತ್ತಿ ನೋಡುತ್ತಿದ್ದ. ಇದ್ದ ಕಾವೂ ಹೋಗುತ್ತಿತ್ತು. ಬಾಜೂಮನೆಯಾಕೆ ಗೋಡೆಯಾಚೆಯಿಂದ "ಮರಿ ಆದ್ವೇನ್ರಿ?" ಎಂದು ಕೂಗುತ್ತಲೇ ಇದ್ದಳು. ನನಗೆ ಎಲ್ಲರ ಮೇಲೂ ರೇಗುತ್ತಿತ್ತು. ಅಪ್ಪನಿಗಂತೂ "ಮತ್ತ ಎತ್ತಿದ್ರ ನೋಡು!" ಎಂದು ಗದರಿಯೇಬಿಟ್ಟೆ. ಅಪ್ಪ ಬೈಯಲಿಲ್ಲ. ಕಳ್ಳನ ಹಾಗೆ ಹಿಂದೆ ಸರಿದು ಹೋದ.

ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯೊಳಗಿಂದ ಟಿಕ್ ಎಂದು ಸದ್ದಾಯಿತು. ಉಗುರಿನಿಂದ ಮಡಕೆ ಮುಟ್ಟಿದಷ್ಟು ಸಣ್ಣ ಸದ್ದು. ಒಂದು ತತ್ತಿಯಲ್ಲಿ ಎಳ್ಳಿನಷ್ಟು ತೂತು, ಅದರೊಳಗೆ ಕೊಕ್ಕಿನ ತುದಿ! ಅಕ್ಕ ನನ್ನ ಭುಜ ಹಿಡಿದು ಕುಣಿದಳು.

ಅಷ್ಟೇ. ಮುಂದೆ ಏನೂ ಇಲ್ಲ. ತೂತು ದೊಡ್ಡದಾಗಲಿಲ್ಲ. ಕೊಕ್ಕು ಒಮ್ಮೆ ಅಲುಗಾಡುವುದು, ಮತ್ತೆ ಸುಮ್ಮನಾಗುವುದು. ರೊಟ್ಟಿ, ಕಡಲೆಹಿಟ್ಟಿನ ಜುಣಕ ಎದುರಿಗಿಟ್ಟರೂ ಇಬ್ಬರೂ ಬುಟ್ಟಿಯ ಕಡೆಗೇ ನೋಡುತ್ತ ಕೂತೆವು.

"ಸಿಪ್ಪಿ ಬಿಚ್ಚೋಣಾ ಆಯಿ, ಉಸಿರು ಕಟ್ಟಿ ಸಾಯ್ತದ ಅದು!" ಎಂದು ನಾನು ಕಾಲು ಅಪ್ಪಳಿಸಿದೆ.

"ಒಳಗ ರಕ್ತ ಇನ್ನ ಆರಿಲ್ಲ. ಈಗ ಕಿತ್ತರ ರಕ್ತ ಹರೀತದ, ಆಗ ಖರೇನೇ ಸಾಯ್ತದ" ಎಂದು ಆಯಿ ದನಗಳಿಗೆ ಮೇವು ಹಾಕಲು ಹೋದಳು.

ಆಕೆ ಅತ್ತ ಹೋದದ್ದೇ ತಡ, ಅಕ್ಕನ ಕೈ ಮುಂದೆ ಬಂತು. ನಾನಲ್ಲ, ಅಕ್ಕ! ಇಷ್ಟು ದಿನ ಗಟ್ಟಿಯಾಗಿದ್ದ ಅಕ್ಕನೇ ತೂತಿನ ಕಡೆ ಉಗುರು ಚಾಚಿದಳು.

"ಕೆಂಚಿ ಹೋದಾಗನೂ ನಾ ಮಲಗೇ ಇದ್ನೆಲ್ಲ. ಈಗ ಇದನ್ನೂ ಸುಮ್ ನೋಡ್ಕೋತ ಕುಂದರ್ಲೇನು?" ಎಂದಳು.

ನನಗೂ ಸಿಪ್ಪೆ ಕೀಳಬೇಕು ಎಂಬ ಆಸೆಯಿತ್ತು. ಆದರೆ ಆಯಿ ಹೇಳಿದ ರಕ್ತ ಕಣ್ಣಿಗೆ ಕಟ್ಟಿತು. ಅಕ್ಕನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಅವಳು ಕೊಸರಾಡಿದಳು, ನಾನು ಬಿಡಲಿಲ್ಲ. ಕಡೆಗೆ ಅವಳು ನನ್ನ ಇನ್ನೊಂದು ಕೈಯನ್ನೂ ಹಿಡಿದುಕೊಂಡಳು. ಇಬ್ಬರ ನಾಲ್ಕೂ ಕೈ ಒಂದರಲ್ಲೊಂದು ಸಿಕ್ಕಿಕೊಂಡವು. ಯಾರೂ ತತ್ತಿ ಮುಟ್ಟುವ ಹಾಗಿರಲಿಲ್ಲ. ಹಾಗೆಯೇ ಕೂತೆವು. ಹೊಗೆಗೆ ಕಣ್ಣು ಉರಿದರೂ ಒರೆಸಿಕೊಳ್ಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತತ್ತಿಯ ತಲೆ ಟೋಪಿ ಕಳಚಿದಂತೆ ಕಳಚಿತು. ಹೊರಬಿದ್ದದ್ದು ಹಳದಿ ಹತ್ತಿಯ ಉಂಡೆಯಲ್ಲ. ತೋಯ್ದ ಚಿಂದಿಯಂಥ, ಕುತ್ತಿಗೆ ನಿಲ್ಲದ, ಕುರೂಪಿ ಜೀವ. "ಇಷ್ಟಕ್ಕೇನು ಇಷ್ಟೆಲ್ಲಾ?" ಎಂದು ನನಗೆ ಮತ್ತೆ ಸಿಟ್ಟೇ ಬಂತು. ಅಕ್ಕ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು, "ಕೆಂಚೀನೇ ಬಂದಾಳ ನೋಡು" ಎಂದಳು.

ಮರುದಿನ ಇನ್ನೂ ಮೂರು ಹೊರಬಂದವು. ಉಳಿದವು ಬರಲೇ ಇಲ್ಲ. ನಾನು ಹೊರಳಿಸಿದ್ದು ಹೆಚ್ಚಾಯಿತೋ, ಒದ್ದೆ ಕಟ್ಟಿಗೆಯಿಂದ ಕಾವು ಕಡಿಮೆಯಾಯಿತೋ, ಯಾರನ್ನು ಕೇಳಿದರೂ "ಆಗ್ತಾವ ಹಂಗ" ಎಂದರು. ಅದು ಈಗಲೂ ನನಗೆ ಚುಚ್ಚುತ್ತದೆ.

ನೀವು ಈಗ ಜೇವರ್ಗಿಯ ಮನೆಯಲ್ಲಿ ಮರಿ ಮಾಡುವ ಯಂತ್ರ ಇಟ್ಟಿದ್ದೀರಿ. ತತ್ತಿಯನ್ನು ಅದೇ ಹೊರಳಿಸುತ್ತದೆ, ಕಾವು ಎಷ್ಟೆಂದು ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಕರೆಂಟು ಹೋದರೆ ಬ್ಯಾಟರಿ ಇದೆ. ಹೊಗೆ ಇಲ್ಲ, ಬೈಗುಳ ಇಲ್ಲ. ಮೊನ್ನೆ ನಿಮ್ಮಪ್ಪ ಹೊರಳಿಸುವ ಗುಂಡಿ ಬಂದ್ ಮಾಡಿ, ಇನ್ನು ಮುಚ್ಚಳ ತೆಗೆಯಬಾರದು ಎಂದಾಗ ನೀವಿಬ್ಬರೂ ಮಾರಿ ಊದಿಸಿಕೊಂಡು ಅದರ ಮುಂದೆಯೇ ಕೂತಿರಿ. ಫೋನು ಕೊಟ್ಟರೂ ಏಳಲಿಲ್ಲ. "ಯಾವಾಗ ಆಯಿ, ಯಾವಾಗ?" ಎಂದು ನನ್ನ ಜೀವ ತಿಂದಿರಿ. ಆ ಯಂತ್ರದ ಗಾಜಿನ ಮೇಲೆ ನಿಮ್ಮ ಮೂಗಿನ ಗುರುತುಗಳು ಮೂಡಿರುತ್ತವೆ. ದಿನಾ ಬೆಳಿಗ್ಗೆ ನಾನು ಒರೆಸುತ್ತೇನೆ. ಸಂಜೆಗೆ ನೋಡಿದರೆ ಮತ್ತೆ ಅಲ್ಲೇ ಇರುತ್ತವೆ, ಒಂದು ದೊಡ್ಡ ಮೂಗು, ಪಕ್ಕದಲ್ಲಿ ಒಂದು ಸಣ್ಣ ಮೂಗು.